ಬಲಗಡೆಯ ಅಂಚು

ನಮ್ಮ ಊರಿನಲ್ಲಿ ಅಮಾವಾಸ್ಯೆಯ ಬೆಳಗ್ಗೆ ಎದ್ದು ನೋಡಿದರೆ ಫೋನಿನೊಳಗಿನ ಫೋಟೋಗಳೆಲ್ಲ ಬೂದು ಚೌಕಗಳಾಗಿರುತ್ತವೆ. ಕಂಪ್ಯೂಟರಿನಲ್ಲಿ ಇಟ್ಟಿದ್ದರೂ ಅಷ್ಟೇ, ಬೇರೆ ಊರಿನ ನೆಂಟರಿಗೆ ಕಳಿಸಿದ್ದರೂ ಅಷ್ಟೇ. ಕಾಗದದ ಮೇಲೆ ಬಂದದ್ದು ಮಾತ್ರ ಉಳಿಯುತ್ತದೆ. ಹಾಗಾಗಿ ನಮ್ಮವರು ನಾಮಕರಣ, ಗೃಹಪ್ರವೇಶಗಳನ್ನು ಅಮಾವಾಸ್ಯೆಗೆ ಸಾಕಷ್ಟು ಮೊದಲೇ ಇಟ್ಟುಕೊಳ್ಳುತ್ತಾರೆ, ಫೋಟೋ ಆರಿಸಿ ಪ್ರಿಂಟ್ ಹಾಕಿಸಲು ಸಮಯ ಸಿಗಲಿ ಎಂದು. ಬಹುಳ ತ್ರಯೋದಶಿಯ ದಿನ ಮಧ್ಯಾಹ್ನದ ಮೇಲೆ ಶಾಲೆಗೆ ರಜೆ. ಯಾರಾದರೂ ಏನನ್ನಾದರೂ ಮರೆತರೆ 'ಅಮಾಸೆ ಮಾಡಿಕೊಂಡ' ಎನ್ನುತ್ತೇವೆ. ಒಬ್ಬರ ಮೇಲೊಬ್ಬರಿಗೆ ಮನಸ್ಸು ಮುರಿದ ಹುಡುಗ ಹುಡುಗಿಯರು ಫೋಟೋ ಅಳಿಸುವ ಗೋಜಿಗೆ ಹೋಗುವುದಿಲ್ಲ, ಕೆಲವು ದಿನ ಕಾಯುತ್ತಾರೆ.

ನನ್ನ ಹೆಸರು ಸರ್ವಮಂಗಳ. ಊರಿನವರಿಗೆ ಮಂಗಳಕ್ಕ. ಸಂತೆ ಮಾಳದ ಎದುರಿಗೆ ಹದಿನಾಲ್ಕು ವರ್ಷದಿಂದ ಫೋಟೋ ಪ್ರಿಂಟಿನ ಅಂಗಡಿ ಇಟ್ಟಿದ್ದೇನೆ. ಏಕಾದಶಿ ದಾಟಿತೆಂದರೆ ಅಂಗಡಿಯ ಮುಂದೆ ಚಪ್ಪಲಿಗಳ ರಾಶಿ. ಹಳಬರು ಈಗಲೂ, ರೀಲಿನ ಕಾಲದ ಹಾಗೆ, "ಇದನ್ನು ತೊಳೆದು ಕೊಡಮ್ಮ" ಎಂದೇ ಕೇಳುತ್ತಾರೆ. ನಾನು ಹೇಳುವುದು ಎರಡೇ ಮಾತು: ವಾಟ್ಸಾಪಿನಲ್ಲಿ ಬಂದದ್ದು ಬೇಡ, ಫೋಟೋ ತೆಗೆದ ಫೋನನ್ನೇ ತನ್ನಿ; ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಎರಡನ್ನೂ ಯಾರೂ ಕೇಳುವುದಿಲ್ಲ.

ನನ್ನ ಕೆಲಸಕ್ಕೆ ಒಳ್ಳೆಯ ಹೆಸರಿತ್ತು. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಮುಖಗಳು ಹಸಿರು ತಿರುಗಿರುತ್ತವೆ, ಅದನ್ನು ಸರಿಪಡಿಸುತ್ತಿದ್ದೆ. ಫೋನಿನಲ್ಲಿ ಬೆಳ್ಳಗೆ ಕಂಡದ್ದು ಕಾಗದದಲ್ಲಿ ಕಪ್ಪಾಗುತ್ತದೆ, ಅದನ್ನು ಅಳೆದು ಎತ್ತುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ ಅಂಚುಗಳನ್ನು ಚೊಕ್ಕ ಮಾಡುತ್ತಿದ್ದೆ. ಮನೆಯಲ್ಲಿ ತೆಗೆದ ಫೋಟೋ ಅಂದರೆ ಗೊತ್ತಲ್ಲ. ಮಗುವಿನ ಹಿಂದೆ ಒಣಗಲು ಹಾಕಿದ ಲಂಗ, ಅಜ್ಜಿಯ ಪಕ್ಕ ಪ್ಲಾಸ್ಟಿಕ್ ಬಕೆಟ್ಟು, ಬಾಗಿಲಲ್ಲಿ ಯಾರದೋ ಅರ್ಧ ಕಾಲು. ಅವನ್ನೆಲ್ಲ ತೆಗೆದು, ಸೊಟ್ಟಗಿದ್ದದ್ದನ್ನು ನೆಟ್ಟಗೆ ಮಾಡಿ, ಮುಖ್ಯವಾದವರನ್ನು ನಡುವೆ ತಂದು ಕೊಡುತ್ತಿದ್ದೆ. ಜನ ಕೈಯಲ್ಲಿ ಹಿಡಿದು, "ಇದು ನಮ್ಮನೇನಾ?" ಎಂದು ಬೆರಗಾಗುತ್ತಿದ್ದರು. ಆ ಮಾತು ಕೇಳಿದ ದಿನ ನನಗೆ ಊಟ ರುಚಿಸುತ್ತಿತ್ತು. ಆಗ ಊರಿನಲ್ಲಿ ಇನ್ನೊಂದು ಅಂಗಡಿಯೂ ಇತ್ತು, ಬಸ್ ಸ್ಟ್ಯಾಂಡಿನ ಹಿಂದೆ, ಕರಿಬಸಪ್ಪನವರದು. ಅವರು ಬಂದದ್ದನ್ನು ಬಂದ ಹಾಗೆ ಪ್ರಿಂಟ್ ಹಾಕುತ್ತಿದ್ದರು, ಎಲ್ಲವೂ ಕೆಂಪಗೆ. ಗಿರಾಕಿಗಳು ಒಬ್ಬೊಬ್ಬರಾಗಿ ನನ್ನ ಕಡೆಗೆ ಬಂದರು. ಎರಡು ವರ್ಷದ ಹಿಂದೆ ಅವರು ಬಾಗಿಲು ಹಾಕಿದರು. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಗಿತ್ತು.

ಪಾಲಮ್ಮ ನನ್ನ ಅಂಗಡಿಗೆ ಮೊದಲ ಸಲ ಬಂದದ್ದು ಒಂದು ಅಮಾವಾಸ್ಯೆಗೆ ಎರಡು ದಿನ ಮುಂಚೆ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು, ಮೂವತ್ತು ದಾಟಿರಲಿಕ್ಕಿಲ್ಲ. ಗಂಡ ಓಬಳೇಶ ಮನೆಮನೆಗೆ ಗ್ಯಾಸ್ ಸಿಲಿಂಡರ್ ಹಾಕುವವನು. ಅವನನ್ನು ಊರಿನಲ್ಲಿ ತಿಳಿಯದವರಿರಲಿಲ್ಲ. ಓಣಿಯ ತುದಿಯಲ್ಲಿ ಸಿಲಿಂಡರಿನ ಮೇಲೆ ಸ್ಪ್ಯಾನರಿನಿಂದ ಟಣ್ ಟಣ್ ಎಂದು ಬಡಿದರೆ ಓಬಳೇಶ ಬಂದ ಎಂದು ಅರ್ಥ. ರೆಗ್ಯುಲೇಟರ್ ಹಾಕಿ, ಸೋಪಿನ ನೊರೆ ಹಚ್ಚಿ ಸೋರುತ್ತಿಲ್ಲವೆಂದು ನೋಡಿಯೇ ಹೋಗುತ್ತಿದ್ದ.

"ಒಂಬತ್ತಿದಾವಕ್ಕ," ಎಂದು ಪಾಲಮ್ಮ ಫೋನು ಕೊಟ್ಟಳು. "ಎಲ್ಲಾ ನಮ್ಮನೆಯವರೇ ತೆಗೆದದ್ದು. ಒಂದು ಮಾತ್ರ ನಮ್ಮ ಚೈತ್ರಾ ತೆಗೆದಿದ್ದು. ಚೆನ್ನಾಗಿ ಬರೋ ಹಂಗೆ ಹಾಕಿಕೊಡಿ."

ಹಿಂದೆ ಸಾಲು ನಿಂತಿತ್ತು. ನಾನು ಫೋಟೋಗಳನ್ನು ಇಳಿಸಿಕೊಂಡು ಫೋನು ವಾಪಸ್ಸು ಕೊಟ್ಟೆ. ಸಂಜೆ ಕೂತು ಕೆಲಸ ಮಾಡಿದೆ. ಎಂಟರಲ್ಲಿ ಐದು ವರ್ಷದ ಮಗು ಚೈತ್ರಾ: ಬಕೆಟ್ಟಿನಲ್ಲಿ ಕೂತವಳು, ಹಲ್ಲು ಬಿದ್ದವಳು, ಅಮ್ಮನ ದುಪ್ಪಟ್ಟಾ ಸುತ್ತಿಕೊಂಡವಳು. ಒಂಬತ್ತನೆಯದು ಮಗು ತೆಗೆದದ್ದು. ಪೂರ್ತಿ ಓರೆ. ಪಾಲಮ್ಮ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಾ ಬಾಯಿ ತುಂಬ ನಗುತ್ತಿದ್ದಾಳೆ. ಬಲಗಡೆ ಅಂಚಿನಲ್ಲಿ ಲುಂಗಿ ಉಟ್ಟ ಗಂಡಸು, ಅರ್ಧ ಮುಖ, ಬಾಯಲ್ಲಿ ರೊಟ್ಟಿಯ ತುಂಡು, ಕೈ ಮುಂದೆ ಚಾಚಿ ಫೋನು ಕೇಳುತ್ತಿರುವ ಹಾಗೆ. ಪಾಲಮ್ಮನ ನಗು ಬಹಳ ಚೆನ್ನಾಗಿತ್ತು. ನಾನು ಓರೆ ತೆಗೆದೆ, ಅವಳನ್ನು ನಡುವೆ ತಂದೆ, ಬಲಗಡೆಯದನ್ನು ಕತ್ತರಿಸಿದೆ. ಎರಡು ನಿಮಿಷದ ಕೆಲಸ. ಆ ತಿಂಗಳು ನಾನು ಹಾಕಿದ ಪ್ರಿಂಟುಗಳಲ್ಲೆಲ್ಲ ಅದೇ ಚೆಂದ ಎನಿಸಿತು.

ಅಮಾವಾಸ್ಯೆ ಕಳೆಯಿತು. ಪಾಲಮ್ಮ ಬರಲಿಲ್ಲ. ನಾಲ್ಕನೆಯ ದಿನ ಓಬಳೇಶ ತೀರಿಕೊಂಡ ಸುದ್ದಿ ಬಂತು. ಕೋಟೆ ಬೀದಿಯಲ್ಲಿ ಒಂದು ಮನೆಗೆ ಸಿಲಿಂಡರ್ ಇಳಿಸಿ, ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತನಂತೆ. ನೀರು ತರುವಷ್ಟರಲ್ಲಿ ಮುಗಿದಿತ್ತು. ಮೂವತ್ತಾರು ವಯಸ್ಸು. ನಾನೂ ಮನೆಯ ಮುಂದೆ ಹೋಗಿ ನಿಂತು ಬಂದೆ. ಅವಳ ಫೋಟೋಗಳು ನನ್ನ ಡ್ರಾಯರಿನಲ್ಲಿ ಇವೆ ಎಂಬುದು ನೆನಪಿತ್ತು. ಅಂಥ ಹೊತ್ತಿನಲ್ಲಿ ಕೊಡುವುದು ಹೇಗೆ ಎಂದು ಸುಮ್ಮನಿದ್ದೆ.

ಮೂರು ವಾರ ಕಳೆದ ಮೇಲೆ ಪಾಲಮ್ಮ ಬಂದಳು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಲಕೋಟೆಯಿಂದ ಪ್ರಿಂಟುಗಳನ್ನು ತೆಗೆದು ಗಾಜಿನ ಮೇಲೆ ಒಂದೊಂದಾಗಿ ಇಟ್ಟಳು. ಒಂಬತ್ತನೆಯದನ್ನು ಕೈಯಲ್ಲೇ ಹಿಡಿದುಕೊಂಡಳು. ಬಹಳ ಹೊತ್ತು ನೋಡಿ, ಅದನ್ನು ತಿರುಗಿಸಿ ಹಿಂಬದಿಯನ್ನು ನೋಡಿದಳು. ಬಿಳಿ ಕಾಗದ. ಮತ್ತೆ ಮುಂದಕ್ಕೆ ತಿರುಗಿಸಿದಳು.

"ಇಲ್ಲಿ ಅವರಿದ್ರಲ್ಲಕ್ಕ," ಅಂದಳು.

ಕಂಪ್ಯೂಟರಿನಲ್ಲಿ ಇದ್ದದ್ದು ಅಮಾವಾಸ್ಯೆಗೆ ಹೋಗಿತ್ತು, ಅವಳ ಫೋನಿನಲ್ಲಿದ್ದದ್ದೂ ಹೋಗಿತ್ತು. ನಿಜ ಹೇಳಬಹುದಿತ್ತು. ಹೇಳಲಿಲ್ಲ.

"ಆ ಅಂಚು ಮಬ್ಬಾಗಿತ್ತಮ್ಮ, ಪ್ರಿಂಟಿಗೆ ಬರಲಿಲ್ಲ," ಅಂದೆ.

ಅವಳು ನಂಬಿದಳು. ನನ್ನನ್ನು ಇವತ್ತಿಗೂ ಚುಚ್ಚುವುದು ಅದೇ. "ಮಗು ಕೈ ಅಲ್ಲಾಡಿಸಿರಬೇಕು," ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ, "ಅವರಿದ್ದದ್ದು ಅದೊಂದ್ರಲ್ಲೇ ಅಕ್ಕ. ಫೋನು ಯಾವಾಗ್ಲೂ ಅವರ ಕೈಯಲ್ಲೇ. ಮದುವೆ ಫೋಟೋ ನಮ್ಮಣ್ಣನ ಫೋನಲ್ಲಿದ್ವು, ಗಡಿಬಿಡೀಲಿ ಅಮಾಸೆ ಆಗೋಯ್ತು. ಗ್ಯಾಸ್ ಆಫೀಸಿನ ಗುರುತಿನ ಚೀಟೀಲಿರೋದನ್ನ ಬೇರೆ ಊರಲ್ಲಿ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದೀವಿ. ಯಾರೋ ಬೈದು ನಿಲ್ಲಿಸಿದಂಗಿದಾರೆ ಅದ್ರಲ್ಲಿ. ಚೈತ್ರಾ ಅದನ್ನ ನೋಡಿ 'ಇದು ಯಾರಮ್ಮ' ಅಂತಾಳೆ."

ಲಕೋಟೆಯನ್ನು ಸೆರಗಿನೊಳಗೆ ಇಟ್ಟುಕೊಂಡು ಹೋದಳು.

ಮಾರನೆಯ ದಿನ ನನಗೆ ಒಂದು ಯೋಚನೆ ಹೊಳೆಯಿತು. ಓಬಳೇಶ ಹನ್ನೊಂದು ವರ್ಷ ಈ ಊರಿನ ಪ್ರತಿ ಅಡುಗೆಮನೆಗೂ ಹೋಗಿ ಬಂದವನು. ಯಾರದೋ ಹುಟ್ಟುಹಬ್ಬದ ದಿನ, ಯಾರದೋ ಮಗು ತೆವಳಿದ ದಿನ, ಅವನು ಹಿಂದೆ ಎಲ್ಲಾದರೂ ನಿಂತಿರಲೇಬೇಕು. ಅಂಥದೊಂದು ಪ್ರಿಂಟ್ ಸಿಕ್ಕರೆ ಸಾಕು, ಅದರಿಂದ ಮತ್ತೊಂದು ಮಾಡಿಕೊಡಬಹುದು. ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಹೊರಟೆ.

ಮೊದಲು ಹೋದದ್ದು ಮುಖ್ಯೋಪಾಧ್ಯಾಯಿನಿಯಾಗಿದ್ದ ಸುಲೋಚನಾ ಟೀಚರ ಮನೆಗೆ. ಅವರ ಆಲ್ಬಮ್ಮುಗಳು ಹನ್ನೆರಡು, ಎಲ್ಲ ನನ್ನ ಕೈಯ ಕೆಲಸ. ವಿಷಯ ಹೇಳಿದೆ, ಕತ್ತರಿಸಿದ ಮಾತು ಮಾತ್ರ ಬಿಟ್ಟು. ಅವರು ಕನ್ನಡಕ ಹಾಕಿಕೊಂಡು ಹಾಳೆ ತಿರುವಿ ಒಂದು ಕಡೆ ಬೆರಳಿಟ್ಟರು. ಮೊಮ್ಮಗಳು ಮೊದಲ ಸಲ ಸೀರೆ ಉಟ್ಟ ಫೋಟೋ.

"ಇದ್ರಲ್ಲಿ ಇದ್ದ ನೋಡು. ಹಿಂದುಗಡೆ ಸಿಲಿಂಡರ್ ಉರುಳಿಸ್ಕೊಂಡು ಬರ್ತಿದ್ದ. ನೀನೇ ಅಲ್ವಾ ತೆಗೆದು ಕೊಟ್ಟಿದ್ದು? ಎಷ್ಟು ಚೆನ್ನಾಗಿ ತೆಗೆದಿದೀಯ, ಗೊತ್ತೇ ಆಗಲ್ಲ."

ಆ ಜಾಗದಲ್ಲಿ ನಾನು ಹರಡಿದ ಗೋಡೆಯ ಬಣ್ಣವಿತ್ತು. ನಿಜಕ್ಕೂ ಗೊತ್ತಾಗುತ್ತಿರಲಿಲ್ಲ.

ಒಂಬತ್ತು ದಿನ ಹಾಗೆ ತಿರುಗಿದೆ. ಹೋದಲ್ಲೆಲ್ಲ ಜನ ಪ್ರೀತಿಯಿಂದ ಚಾಪೆ ಹಾಸಿ, ಆಲ್ಬಮ್ ತಂದಿಟ್ಟರು. ಪ್ರತಿ ಹಾಳೆಯೂ ಅಚ್ಚುಕಟ್ಟು. ಬಾಗಿಲುಗಳಲ್ಲಿ ಯಾರೂ ಇಲ್ಲ, ಕಟ್ಟೆಗಳ ಮೇಲೆ ಯಾರೂ ಇಲ್ಲ. ಹೂ ಮಾರುವವಳು, ಪೇಪರಿನವನು, ಪಕ್ಕದ ಮನೆಯ ಅಜ್ಜಿ, ಎಲ್ಲರನ್ನೂ ನಾನು ತೆಗೆದಿದ್ದೆ. ಯಾವ ಮನೆಯನ್ನು ನೋಡಿದರೂ ಅದರ ಸುತ್ತ ಊರೇ ಇಲ್ಲವೇನೋ ಎನ್ನುವಂತಿತ್ತು. ಒಂದು ಮನೆಯಲ್ಲಿ ಫೋಟೋದ ಅಂಚಿಗೆ ಸ್ಪ್ಯಾನರ್ ಹಿಡಿದ ನಾಲ್ಕು ಬೆರಳು ಉಳಿದಿದ್ದವು. ಅಷ್ಟೇ ಸಿಕ್ಕಿದ್ದು.

ಕೊನೆಗೆ ಕರಿಬಸಪ್ಪನವರ ಮನೆಗೆ ಹೋದೆ. ಎರಡು ಕಣ್ಣಿಗೂ ಪೊರೆ ಬಂದು, ಹಜಾರದಲ್ಲಿ ರೇಡಿಯೋ ಪಕ್ಕದಲ್ಲಿ ಕೂತಿದ್ದರು. ಧ್ವನಿಯಿಂದಲೇ ಗುರುತು ಹಿಡಿದು, "ಏನು ಮಂಗಳಮ್ಮ, ದಾರಿ ತಪ್ಪಿ ಬಂದ್ರಾ?" ಎಂದರು. ಅವರಿಗೆ ಮಾತ್ರ ಎಲ್ಲವನ್ನೂ ಹೇಳಿದೆ. ಕತ್ತರಿಸಿದ್ದು, ಸುಳ್ಳು ಹೇಳಿದ್ದು, ಎರಡನ್ನೂ.

ಅವರು ಬೈಯಲಿಲ್ಲ. "ನೀವು ನನಗಿಂತ ಚೆನ್ನಾಗಿ ಮಾಡ್ತಿದ್ರಿ. ನಾನೂ ಒಂದು ಸಲ ಸೊಸೆಯನ್ನ ಕಳಿಸಿ ನಿಮ್ಮ ಹತ್ರ ಪ್ರಿಂಟ್ ಹಾಕಿಸಿದ್ದೆ, ನೋಡೋಣ ಅಂತ," ಎಂದು ನಕ್ಕರು.

"ನೀವು ಯಾಕೆ ಏನೂ ತೆಗೀತಿರಲಿಲ್ಲ? ಬೇಕು ಅಂತಾನಾ?"

"ಬೇಕು ಅಂತ ಏನಿಲ್ಲ ಕಣಮ್ಮ. ಕಂಪ್ಯೂಟರಿನಲ್ಲಿ ಕತ್ತರಿಸೋದು ನನಗೆ ಬರ್ತಿರಲಿಲ್ಲ. ಮಗ ಹೇಳಿಕೊಡ್ತೀನಿ ಅಂದ, ನಾಚಿಕೆ ಆಗಿ ಬೇಡ ಅಂದೆ." ಆಮೇಲೆ ಕೊನೆಯವರೆಗೂ ತಮ್ಮ ಬಳಿಗೇ ಬರುತ್ತಿದ್ದ ಮನೆಗಳ ಹೆಸರು ಹೇಳಿದರು. ಐದು ಮನೆ. "ಜುಲೇಖಾಬಿ ಮನೇಲಿ ನೋಡಿ. ಅವರ ಮೊಮ್ಮಗ ಹುಟ್ಟಿದ ವರ್ಷ ಬಹಳ ಪ್ರಿಂಟ್ ಹಾಕಿದ್ದೆ. ಅಂಗಡಿ ಮುಚ್ಚೋ ಮುಂಚೆ ಅವೇ ಕೊನೇವು."

ಜುಲೇಖಾಬಿ ಗಂಜಿ ಕಾಲೊನಿಯಲ್ಲಿ ಹಾಸಿಗೆ, ದಿಂಬು ಹೊಲಿಯುವವರು. ಅರವತ್ತು ದಾಟಿದ ಹೆಂಗಸು. ನಾನು ಹೋದಾಗ ಅಂಗಳದಲ್ಲಿ ಹತ್ತಿ ಬಿಡಿಸುತ್ತಿದ್ದರು. ಮಾತು ಪೂರ್ತಿಯಾಗುವ ಮೊದಲೇ ಎದ್ದು, ಕೈಯ ಹತ್ತಿ ಕೊಡವಿಕೊಂಡು, ಟ್ರಂಕಿನಿಂದ ಒಂದು ಫೋಟೋ ತಂದರು. ನಾನು ಬೆಳಕಿಗೆ ಹಿಡಿದೆ.

ಪ್ರಿಂಟ್ ಕೆಟ್ಟದಾಗಿತ್ತು. ಇಡೀ ಫೋಟೋ ಇಟ್ಟಿಗೆಯ ಬಣ್ಣ. ಚಾಪೆಯ ಮೇಲೆ ಏಳೆಂಟು ತಿಂಗಳ ಮಗು, ಕೇಕೆ ಹಾಕಿ ನಗುತ್ತಿದೆ, ಆದರೆ ಕ್ಯಾಮೆರಾ ಕಡೆಗೆ ನೋಡುತ್ತಿಲ್ಲ. ಎಡಗಡೆ ದಿಂಬುಗಳ ರಾಶಿ, ಜುಲೇಖಾಬಿಯ ಮೊಣಕೈ. ಬಲಗಡೆ, ತೆರೆದ ಬಾಗಿಲಲ್ಲಿ ಓಬಳೇಶ. ಸಿಲಿಂಡರನ್ನು ಹೊಸ್ತಿಲ ಹೊರಗೆ ನಿಲ್ಲಿಸಿ, ತಲೆಗೆ ಟವೆಲ್ಲನ್ನು ಸೆರಗಿನ ಹಾಗೆ ಹೊದ್ದು, ಕೆನ್ನೆ ಉಬ್ಬಿಸಿ, ಕಣ್ಣು ಒಂದು ಕಡೆಗೆ ತಿರುಗಿಸಿ ಮಗುವನ್ನು ನಗಿಸುತ್ತಿದ್ದಾನೆ. ತಲೆಯಿಂದ ಪಾದದವರೆಗೂ ಇದ್ದಾನೆ.

"ಬೆಳಗ್ಗೆಯಿಂದ ನಾವೆಲ್ಲಾ ಚಪ್ಪಾಳೆ ತಟ್ಟಿ ಸಾಕಾಗಿತ್ತು," ಎಂದರು ಜುಲೇಖಾಬಿ. "ನಗ್ಲೇ ಇಲ್ಲ. ಇವನು ಬಂದು ಒಂದು ಸಲ ಹಂಗೆ ಮಾಡಿದ, ನಕ್ಕುಬಿಡ್ತು."

ಫೋಟೋವನ್ನು ಒಂದು ದಿನದ ಮಟ್ಟಿಗೆ ಕೇಳಿದೆ. ಕೊಟ್ಟರು. ಬಾಗಿಲವರೆಗೂ ಬಂದು, "ಅವನೊಬ್ಬನ್ನೇ ದೊಡ್ಡದು ಮಾಡ್ತೀಯೇನಮ್ಮ?" ಎಂದು ಕೇಳಿದರು.

"ಹೌದು ಅಂತ ಅಂದ್ಕೊಂಡಿದ್ದೆ."

"ಬೇಡ. ನಮ್ಮ ಮಗೂನ ತೆಗೆದುಬಿಟ್ರೆ ಅವನು ಸುಮ್ನೆ ಹುಚ್ಚನ ಹಂಗೆ ಕಾಣ್ತಾನೆ. ಹೆಂಡತಿ ನೋಡಿದ್ರೆ ಬೇಜಾರು ಮಾಡ್ಕೋತಾಳೆ."

ಅಂಗಡಿಯಲ್ಲಿ ಕೂತು ಅದನ್ನು ಮೇಲಿನಿಂದ ನೆಟ್ಟಗೆ ಫೋಟೋ ತೆಗೆದುಕೊಂಡೆ. ಕೆಂಪನ್ನು ಸ್ವಲ್ಪಸ್ವಲ್ಪವೇ ಇಳಿಸಿದೆ. ಮಗುವಿನ ಮೈಬಣ್ಣ ಬಂತು, ಟವೆಲ್ಲಿನ ನೀಲಿ ಗೆರೆ ಬಂತು. ಬಾಗಿಲ ಹೊರಗಿನ ಬಿಸಿಲು ಬಿಳಿಚಿಕೊಂಡಿತ್ತು, ಅದನ್ನು ತಗ್ಗಿಸಿದಾಗ ಅವನ ಬೆವರು ಕಂಡಿತು. ದಿಂಬಿನ ರಾಶಿಯನ್ನು ಮುಟ್ಟಲಿಲ್ಲ, ಮೊಣಕೈಯನ್ನು ಮುಟ್ಟಲಿಲ್ಲ. ಗೋಡೆಯ ಮೇಲೆ ಒಂದು ಹಲ್ಲಿ ಇತ್ತು, ಅದೂ ಇರಲಿ ಎಂದು ಬಿಟ್ಟೆ. ಬೆರಳಿನ ಗುರುತು ಹಿಡಿಯದ ಮಂದ ಕಾಗದದಲ್ಲಿ ಎರಡು ಪ್ರಿಂಟ್ ಹಾಕಿದೆ, ಒಂದು ಜುಲೇಖಾಬಿಗೆ.

ಪಾಲಮ್ಮನ ಮನೆ ನೀರಿನ ಟ್ಯಾಂಕಿನ ಹಿಂದಿನ ಓಣಿಯಲ್ಲಿ. ದಾರಿಯಲ್ಲಿ ಹೋಗುತ್ತಾ ನಾನು ಲೆಕ್ಕ ಹಾಕಿದ್ದೆ: ಫೋಟೋ ಕೊಡುತ್ತೇನೆ, ಅವಳಿಗೆ ಸಮಾಧಾನವಾಗುತ್ತದೆ, ಹಳೆಯದನ್ನು ಎತ್ತುವ ಅಗತ್ಯವೇ ಇಲ್ಲ. ಬಾಗಿಲಲ್ಲಿ ಚೈತ್ರಾ ಕೂತಿದ್ದಳು. ಗೋಡೆಯ ಮೇಲೆ ಅವಳ ಹಿಂದೆ ಗುರುತಿನ ಚೀಟಿಯ ಆ ದೊಡ್ಡ ಮುಖ. ನಾನು ಫೋಟೋ ಅಂಗಡಿಯವಳು ಎಂದು ಅವಳಿಗೆ ಗೊತ್ತಿತ್ತು. ಎದ್ದು ನಿಂತು ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು.

"ನಾನು ಕೈ ಅಲ್ಲಾಡಿಸ್ಬಿಟ್ಟೆ," ಅಂದಳು. "ಅದಕ್ಕೇ ಅಪ್ಪ ಬರ್ಲಿಲ್ಲ."

ಒಳಗಿನಿಂದ ಪಾಲಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು. "ಅದನ್ನೇ ಹಿಡ್ಕೊಂಡಿದಾಳಕ್ಕ. ಬಂದೋರಿಗೆಲ್ಲಾ ಹೇಳ್ತಾಳೆ. ಫೋನು ಮುಟ್ಟು ಅಂದ್ರೂ ಮುಟ್ಟಲ್ಲ."

ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. ಮಗುವಿಗೇ ಹೇಳಿದೆ, "ಇಲ್ಲ ಪುಟ್ಟಿ. ನೀನು ಕೈ ಅಲ್ಲಾಡಿಸಿರಲಿಲ್ಲ. ನೀನು ತೆಗೆದ ಫೋಟೋದಲ್ಲಿ ನಿಮ್ಮಪ್ಪ ಚೆನ್ನಾಗಿಯೇ ಬಂದಿದ್ರು. ಬಾಯಲ್ಲಿ ರೊಟ್ಟಿ ಇತ್ತು. ನಾನೇ ಕತ್ತರಿಸಿದೆ."

"ಯಾಕೆ?"

"ಅಂಚಿನಲ್ಲಿದ್ರು ಅಂತ. ಯಾರು ಅಂತ ಕೇಳ್ಲಿಲ್ಲ. ತಪ್ಪು ಮಾಡಿದೆ. ಆಮೇಲೆ ನಿಮ್ಮಮ್ಮನಿಗೆ ಸುಳ್ಳೂ ಹೇಳಿದೆ."

ಪಾಲಮ್ಮ ಬಂದು ಮಗುವನ್ನು ತನ್ನ ಕಡೆಗೆ ಎಳೆದುಕೊಂಡಳು. "ಎರಡು ವಾರದಿಂದ ಮಗು ಅದೇ ಮಾತು ಆಡ್ತಿದೆ," ಎಂದಳು. ಧ್ವನಿ ಎತ್ತರಿಸಲಿಲ್ಲ. "ಅವತ್ತೇ ಹೇಳಿದ್ರೆ ನಾನು ಬೈತಿದ್ದೆ ಅಷ್ಟೇ ಅಲ್ವಾ? ಬೈಸ್ಕೊಂಡು ಹೋಗ್ಬಹುದಿತ್ತು ನೀವು."

"ಹೌದಮ್ಮ," ಅಂದೆ.

ಲಕೋಟೆಯನ್ನು ಕೊಟ್ಟೆ. ತೆಗೆದುಕೊಳ್ಳುವುದೋ ಬೇಡವೋ ಎಂದು ಅವಳು ಒಂದು ಗಳಿಗೆ ನೋಡಿದಳು. ಆಮೇಲೆ ತೆಗೆದಳು.

ಅವಳು ಫೋಟೋ ನೋಡುವಾಗ ನಾನು ಅವಳ ಮುಖ ನೋಡಲಿಲ್ಲ. ಕೆಳಗೆ ಕೂತದ್ದು ಮಾತ್ರ ಕಾಣಿಸಿತು. ಚೈತ್ರಾ ಅಮ್ಮನ ಭುಜದ ಮೇಲಿಂದ ಬಗ್ಗಿ ನೋಡಿದಳು. ಯಾರೆಂದು ಕೇಳಲಿಲ್ಲ. ಹುಬ್ಬು ಗಂಟಿಕ್ಕಿ, ಬೆರಳನ್ನು ಚಾಪೆಯ ಮೇಲಿದ್ದ ಮಗುವಿನ ಮೇಲಿಟ್ಟಳು.

"ಈ ಪಾಪು ಯಾರು? ಅಪ್ಪ ಯಾಕೆ ಇವನ ಹತ್ರ ಕೋತಿ ಆಡ್ತಿದಾರೆ? ಅದು ನನ್ನ ಹತ್ರ ಆಡೋದು."

ಪಾಲಮ್ಮನ ಬಾಯಿಂದ ಒಂದು ಸದ್ದು ಬಂತು. ಅಳು ಎಂದುಕೊಂಡೆ, ನಗು ಆಗಿತ್ತು. ಆಮೇಲೆ ಅಳುವೂ ಆಯಿತು. ನಾನು ಅಲ್ಲೇ ಕೂತಿದ್ದೆ. ಅವಳು ಹೋಗಿ ಎಂದೂ ಅನ್ನಲಿಲ್ಲ, ಕೂತ್ಕೊಳ್ಳಿ ಎಂದೂ ಅನ್ನಲಿಲ್ಲ.

ಎರಡು ದಿನ ಬಿಟ್ಟು ಶಾಲೆ ಮುಗಿಯುವ ಹೊತ್ತಿಗೆ ಅವಳೇ ಅಂಗಡಿಗೆ ಬಂದಳು, ಮಗುವಿನ ಕೈ ಹಿಡಿದು. "ಆ ಪಾಪೂನ ನೋಡ್ಬೇಕಂತೆ ಇವಳಿಗೆ. ಮನೆ ತೋರಿಸ್ತೀರಾ?" ಎಂದಳು. 'ಅಕ್ಕ' ಎನ್ನಲಿಲ್ಲ. ಕೌಂಟರಿನ ಮುಂದೆ ನಿಂತಿದ್ದ ಗಿರಾಕಿಯೊಬ್ಬರಿಗೆ ನಾನು, ಫೋಟೋದ ಮೂಲೆಯಲ್ಲಿರುವ ಮುದುಕ ಯಾರು, ಇರಲೇ, ತೆಗೆಯಲೇ ಎಂದು ಕೇಳುತ್ತಿದ್ದೆ. ಈಚೆಗೆ ಎಲ್ಲರನ್ನೂ ಹಾಗೆ ಕೇಳುತ್ತೇನೆ. ಕೆಲಸ ನಿಧಾನವಾಗುತ್ತದೆ, ಕೆಲವರು ರೇಗುತ್ತಾರೆ. ಅವರನ್ನು ಕಳಿಸಿ, ಬೀಗ ಹಾಕಿ ಹೊರಟೆ. ಮೂವರೂ ಗಂಜಿ ಕಾಲೊನಿಯವರೆಗೆ ನಡೆದೆವು.

ಜುಲೇಖಾಬಿಯ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಅದೇ ಚಾಪೆ, ದಿಂಬಿನ ರಾಶಿ. ಮಗು ಈಗ ಮೂರು ವರ್ಷದ ಪೋರ, ಹತ್ತಿಯನ್ನು ಕಿತ್ತು ಕಿತ್ತು ಎಸೆಯುತ್ತಿದ್ದ. ಚೈತ್ರಾ ನೇರ ಒಳಗೆ ಹೋಗಿ ಅವನೆದುರು ಕೂತು, ಅವನನ್ನು ಮೇಲಿಂದ ಕೆಳಗೆ ಪರೀಕ್ಷಿಸತೊಡಗಿದಳು. ಪಾಲಮ್ಮ ಹೊಸ್ತಿಲ ಹೊರಗೇ ನಿಂತಳು. ಚಪ್ಪಲಿ ಬಿಟ್ಟು, ಸ್ವಲ್ಪ ಬಲಕ್ಕೆ ಸರಿದು, ಬಾಗಿಲ ಚೌಕಟ್ಟಿಗೆ ಕೈ ಇಟ್ಟು, ಮತ್ತೆ ಒಂದು ಹೆಜ್ಜೆ ಹಿಂದಕ್ಕೆ ಹೋದಳು. ಫೋಟೋದಲ್ಲಿ ಓಬಳೇಶನ ಪಾದಗಳು ಎಲ್ಲಿದ್ದವು ಎಂದು ನೋಡುತ್ತಿದ್ದಾಳೆ ಎಂದು ನನಗೆ ಆಮೇಲೆ ತಿಳಿಯಿತು.

ಜುಲೇಖಾಬಿ ಸೂಜಿ ಕೆಳಗಿಟ್ಟು ತಲೆ ಎತ್ತಿದರು.

"ಅಲ್ಯಾಕಮ್ಮ ನಿಂತೆ, ಒಳಗೆ ಬಾ. ಅವನೂ ಹಿಂಗೇ. ಹನ್ನೊಂದು ವರ್ಷದಿಂದ ಕೂತ್ಕೋ, ಚಾ ಕುಡಿ ಅಂತ ಹೇಳಿ ಹೇಳಿ ಸಾಕಾಯ್ತು. ಇನ್ನೂ ನಾಲ್ಕು ಮನೆ ಇದೆ ಅಂತ ಬಾಗಿಲಿಂದಾನೇ ಓಡಿಹೋಗ್ತಿದ್ದ."

ಪಾಲಮ್ಮ ಸೆರಗು ಸರಿಮಾಡಿಕೊಂಡಳು. ನನ್ನ ಕಡೆ ತಿರುಗಿ, "ಬನ್ನಿ ಅಕ್ಕ," ಎಂದು, ಹೊಸ್ತಿಲು ದಾಟಿ ಒಳಗೆ ಹೋಗಿ ಚಾಪೆಯ ಮೇಲೆ ಕೂತಳು.